ಸೌದೆಗೆ ಹಾಕುವ ಮುಂಚೆ ಒಮ್ಮೆ ಸೀಳಿ ನೋಡಿ

ಮಾತು ಶುರು ಮಾಡುವ ಮುಂಚೆ ಒಂದು ಸಣ್ಣ ಕೆಲಸ ಮುಗಿಸಿಬಿಡುತ್ತೇನೆ. ಈ ಗಾಜಿನ ಲೋಟದಲ್ಲಿ ಬರೀ ನೀರಿದೆ, ನಮ್ಮ ಮನೆಯ ಬೋರ್‌ವೆಲ್ ನೀರು. ಇದಕ್ಕೆ ಒಂದು ಹಿಡಿ ಹೊನ್ನೆ ಮರದ ಸಿಪ್ಪೆ ಹಾಕುತ್ತೇನೆ. ನಿನ್ನೆ ಲೇತಿನಲ್ಲಿ, ಅಂದರೆ ಮರ ತಿರುಗಿಸುವ ಯಂತ್ರದಲ್ಲಿ, ಕಡೆಯುವಾಗ ಬಿದ್ದ ಸಿಪ್ಪೆ ಇದು. ಲೋಟ ಇಲ್ಲೇ ಮೇಜಿನ ತುದಿಯಲ್ಲಿ ಇರಲಿ. ಕೊನೆಗೆ ಇದರ ಹತ್ತಿರ ಬರೋಣ.

ಈಗ ಈ ಎರಡು ತುಂಡು ನೋಡಿ. ಎರಡೂ ಒಂದೇ ಕೊರಡಿನವು. ಶಿರಾ ರಸ್ತೆಯ ಒಂದು ಸೌದೆ ಡಿಪೋದಲ್ಲಿ ಸಿಕ್ಕಿದ್ದು. ತೂಕಕ್ಕೆ ಹಾಕಿ ಕೊಟ್ಟರು. ಹೊರಗಿನಿಂದ ನೋಡಿದರೆ ಏನೂ ಇಲ್ಲ. ಬೂದು ತೊಗಟೆ, ಒಂದು ಮಗ್ಗುಲಲ್ಲಿ ಗೆದ್ದಲು ತಿಂದ ಗುರುತು. ಇಟ್ಟಿಗೆ ಗೂಡಿಗೆ ಹೋಗಬೇಕಿದ್ದ ಲೋಡು ಅದು. ಮನೆಗೆ ತಂದು ಉದ್ದಕ್ಕೆ ಸೀಳಿದೆ. ಒಂದು ಹೋಳು ಹಾಗೇ ಇಟ್ಟೆ, ಇನ್ನೊಂದನ್ನು ಕಡೆದು ಬಟ್ಟಲು ಮಾಡಿದೆ. ಮುಂದಿನ ಸಾಲಿನವರು ಬಟ್ಟಲು ಕೈಗೆ ತಗೊಳ್ಳಿ, ನೋಡಿ ಹಿಂದಕ್ಕೆ ಕಳಿಸಿ. ಒಳಗೆ ಬೆರಳು ಆಡಿಸಿ ನೋಡಿ. ಬಣ್ಣ ಹಾಕಿಲ್ಲ, ವಾರ್ನಿಷ್ ಹಾಕಿಲ್ಲ. ಮಸಿಯಲ್ಲಿ ಭೂಪಟ ಬರೆದ ಹಾಗೆ ಕಪ್ಪು ಗೆರೆಗಳು ಕಾಣ್ತಿವೆ ಅಲ್ವಾ, ಅವೆಲ್ಲ ಮರದ ಒಳಗೇ ಇದ್ದವು. ಅದು ಹುಣಸೆ.

ನಮ್ಮ ತುಮಕೂರು ಜಿಲ್ಲೆಯಲ್ಲಿ ಇಂಥ ಮರ ಲೋಡುಗಟ್ಟಲೆ ಒಲೆಗೆ, ಗೂಡಿಗೆ ಹೋಗುತ್ತದೆ. ತೇಗ, ಬೀಟೆ ಅಂದರೆ ಚೆಂದದ ಮರ, ಮಿಕ್ಕಿದ್ದೆಲ್ಲ ಸೌದೆ ಅಂತ ನಾವು ತೀರ್ಮಾನ ಮಾಡಿಕೊಂಡುಬಿಟ್ಟಿದ್ದೇವೆ. ನಾನೂ ಹಾಗೇ ಅಂದುಕೊಂಡಿದ್ದವನು. ಶಾಲೆಯಲ್ಲಿ ಪಾಠ ಹೇಳುತ್ತಾ, ರಜಾ ದಿನಗಳಲ್ಲಿ ಲೇತಿನ ಮುಂದೆ ನಿಂತು 20 ವರ್ಷ ಕಳೆದ ಮೇಲೆ ಆ ತೀರ್ಮಾನ ಪೂರ್ತಿ ತಪ್ಪು ಅಂತ ಗೊತ್ತಾಗಿದೆ. ಅದನ್ನೇ ಇವತ್ತು ನಿಮಗೆ ಕೈಯಲ್ಲಿ ಹಿಡಿಸಿ ತೋರಿಸಬೇಕು ಅಂತ ಈ ಚೀಲ ಹೊತ್ತುಕೊಂಡು ಬಂದಿದ್ದೇನೆ.

ಮೊದಲು ಒಂದು ಪದದ ವಿಷಯ. ಮರವನ್ನು ತಿರುಗಿಸುತ್ತಾ ಉಳಿ ಕೊಟ್ಟು ದುಂಡಗೆ ಮಾಡುವ ಕೆಲಸಕ್ಕೆ ಕನ್ನಡದಲ್ಲಿ ‘ಕಡೆಯುವುದು’ ಅನ್ನುತ್ತೇವೆ. ಮೊಸರಿಗೂ ಅದೇ ಪದ. ಬೇರೆ ಬೇರೆ ಎರಡು ಕೆಲಸಕ್ಕೆ ಒಂದೇ ಪದ ಯಾಕೆ? ಅಜ್ಜಿ ಮೊಸರು ಕಡೆಯುವುದನ್ನು ನೋಡಿದವರಿಗೆ ಕಾರಣ ತಕ್ಷಣ ಹೊಳೆಯುತ್ತದೆ. ಕಂಬಕ್ಕೆ ಸಿಕ್ಕಿಸಿದ ಕಡಗೋಲು, ಅದಕ್ಕೆ ಸುತ್ತಿದ ಹಗ್ಗ. ಒಂದು ಕೈ ಎಳೆದರೆ ಇತ್ತ ತಿರುಗುತ್ತದೆ, ಇನ್ನೊಂದು ಕೈ ಎಳೆದರೆ ಅತ್ತ. ಹಳೆಯ ಕಾಲದ ಲೇತ್ ಕೂಡ ಇದೇ. ಕಡಗೋಲನ್ನು ಅಡ್ಡ ಮಲಗಿಸಿದರೆ ಲೇತ್ ಆಯಿತು. ಮರದ ತುಂಡನ್ನು ಎರಡು ಮೊಳೆಗಳ ನಡುವೆ ಸಿಕ್ಕಿಸುತ್ತಾರೆ. ಹಗ್ಗ ಸುತ್ತಿ ಒಬ್ಬರು ಎಳೆಯುತ್ತಾರೆ, ಇನ್ನೊಬ್ಬರು ಉಳಿ ಹಿಡಿಯುತ್ತಾರೆ. ಮರ ಉಳಿಯ ಕಡೆಗೆ ತಿರುಗುವಾಗ ಮಾತ್ರ ಉಳಿ ತಾಗಿಸಬೇಕು. ವಾಪಸ್ ತಿರುಗುವಾಗ ಕೂದಲೆಳೆಯಷ್ಟು ಹಿಂದಕ್ಕೆ ತಗೊಳ್ಳಬೇಕು.

ಈಜಿಪ್ಟಿನಲ್ಲಿ ಪೆಟೊಸಿರಿಸ್ ಎಂಬ ಅರ್ಚಕನ ಗೋರಿ ಇದೆ. ಅದರ ಗೋಡೆಯಲ್ಲಿ ಸುಮಾರು 2300 ವರ್ಷ ಹಿಂದಿನ ಒಂದು ಕೆತ್ತನೆ. ಲೇತಿನ ಕೆಲಸ ತೋರಿಸುವ ತುಂಬಾ ಹಳೆಯ ಚಿತ್ರಗಳಲ್ಲಿ ಅದು ಒಂದು. ಅದರಲ್ಲೂ ಇಬ್ಬರಿದ್ದಾರೆ, ಒಬ್ಬ ಪಟ್ಟಿ ಎಳೆಯುತ್ತಿದ್ದಾನೆ. ಆ ಚಿತ್ರದಲ್ಲಿ ಮರ ನೆಟ್ಟಗೆ ನಿಂತಿದೆ, ಥೇಟ್ ಕಡಗೋಲಿನ ಹಾಗೆ. ನನಗೆ ಅದನ್ನು ನೋಡಿದಾಗ ನಮ್ಮಜ್ಜಿ ನೆನಪಾದರು.

ನನಗೆ ಕೆಲಸ ಕಲಿಸಿದವರು ಗುಬ್ಬಿ ತಾಲೂಕಿನ ಒಂದು ಹಳ್ಳಿಯ ಆಚಾರ್ರು. ಮಂಚದ ಕಾಲು, ತೊಟ್ಟಿಲಿನ ಗುಂಡು, ಲಟ್ಟಣಿಗೆ, ಬುಗುರಿ ಕಡೆದುಕೊಡುತ್ತಿದ್ದರು. ಚಿಕ್ಕವರಿದ್ದಾಗ ಅವರು ಅಪ್ಪನಿಗೆ ಹಗ್ಗ ಎಳೆದವರು. ನಾನು ಹೋಗುವ ಹೊತ್ತಿಗೆ ಮೋಟರ್ ಬಂದಿತ್ತು. ಮೊದಲ ದಿನ ನಾನು ಉಳಿಯನ್ನು ಮರಕ್ಕೆ ಒತ್ತಿದೆ, ಜೋರಾಗಿ. ಉಳಿ ಕಚ್ಚಿಕೊಂಡು ಕೈಯಿಂದ ಹಾರಿತು. ಅವರು ಬಯ್ಯಲಿಲ್ಲ. “ಉಳಿ ತಳ್ಳಬೇಡಿ ಮೇಷ್ಟ್ರೇ, ಹಿಡ್ಕೊಳ್ಳಿ ಸಾಕು. ಮರ ತಾನೇ ಬರ್ತದೆ” ಅಂದರು. ಈ ಮಾತಿನ ಅರ್ಥ ಕೈಗೆ ಬರುವುದಕ್ಕೆ ನನಗೆ 2 ವರ್ಷ ಬೇಕಾಯಿತು.

ಕಡೆಯುವ ಕೆಲಸ ಅಂದಾಗ ಸ್ವಲ್ಪ ದಾರಿ ಬಿಟ್ಟು ಇನ್ನೊಂದು ಮಾತು. ತಿಪಟೂರು ಕಡೆ ಹೋದರೆ ಅರಳಗುಪ್ಪೆಯ ಚೆನ್ನಕೇಶವ ಗುಡಿಯ ಒಳಗೆ ಹೋಗಿ ಬನ್ನಿ. 13ನೇ ಶತಮಾನದ ಹೊಯ್ಸಳರ ಗುಡಿ. ಎಲ್ಲರೂ ಹೊರಗೋಡೆಯ ಶಿಲ್ಪ ನೋಡಿ ಬಂದುಬಿಡುತ್ತಾರೆ. ಒಳಗಿನ ಕಂಬಗಳ ಹತ್ತಿರ ನಿಂತು ನೋಡಿ. ಬಳೆ ಬಳೆಯಾಗಿ, ಗಂಟೆಯ ಆಕಾರದಲ್ಲಿ, ಕಲ್ಲನ್ನು ತಿರುಗಿಸಿ ಕಡೆದಿದ್ದಾರೆ. ಬಳಪದ ಕಲ್ಲು ನೆಲದಿಂದ ತೆಗೆದ ಹೊಸತರಲ್ಲಿ ಮೆತ್ತಗಿರುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಹಸಿ ಮರದ ಗುಣವೂ ಅದೇ. ಆ ಕಂಬದ ಆಕಾರಗಳನ್ನೇ ನಮ್ಮ ಆಚಾರ್ರು ಮಂಚದ ಕಾಲಿಗೆ ಇಳಿಸುತ್ತಿದ್ದರು. ಯಾರಿಂದ ಕಲಿತಿರಿ ಅಂತ ಕೇಳಿದೆ. ಅಪ್ಪ ಹಿಂಗೇ ಮಾಡ್ತಿದ್ದ ಅಂದರು.

ಈಗ ಮರದ ಒಳಗೆ ಹೋಗೋಣ.

ಒಂದು ದಿಮ್ಮಿಯನ್ನು ಅಡ್ಡ ಕೊಯ್ದರೆ ಹೊರಗೆ ತೊಗಟೆ, ಆಮೇಲೆ ತಿಳಿ ಬಣ್ಣದ ಎಳೆಮರ, ಒಳಗೆ ಗಾಢ ಬಣ್ಣದ ಕೆಚ್ಚು. ನಮ್ಮಲ್ಲಿ ಚೇಗು ಅಂತಲೂ ಹೇಳುತ್ತಾರೆ. ಕೆಚ್ಚೆದೆ ಅಂತೀವಲ್ಲ, ಆ ಕೆಚ್ಚು ಇದೇ. ಬೇರಿನಿಂದ ನೀರು ಮೇಲಕ್ಕೆ ಹೋಗುವುದು ಎಳೆಮರದಲ್ಲಿ. ಕೆಚ್ಚಿನಲ್ಲಿ ಆ ಕೆಲಸ ನಿಂತಿರುತ್ತದೆ. ಮರ ತನಗೆ ಬೇಕಾದ ರಕ್ಷಣೆಯ ರಸಗಳನ್ನೆಲ್ಲ ಅಲ್ಲಿ ತುಂಬಿಡುತ್ತದೆ. ಬಣ್ಣ, ವಾಸನೆ, ಗೆದ್ದಲು ತಡೆಯುವ ಶಕ್ತಿ ಎಲ್ಲ ಅದರಿಂದಲೇ. ಅಡ್ಡ ಕೊಯ್ದಾಗ ಕಾಣುವ ಉಂಗುರ ಎಣಿಸಿ ಮರದ ವಯಸ್ಸು ಹೇಳಬಹುದು ಅಂತ ಪುಸ್ತಕದಲ್ಲಿ ಓದಿರುತ್ತೀರಿ. ಚಳಿ ದೇಶದ ಮರಗಳಿಗೆ ಅದು ಸರಿ. ನಮ್ಮಲ್ಲಿ ತೇಗದಲ್ಲಿ ಉಂಗುರ ಚೆನ್ನಾಗಿ ಕಾಣುತ್ತದೆ. ಹಲಸು, ಹುಣಸೆಯಲ್ಲಿ ಅಷ್ಟು ಸ್ಪಷ್ಟವಾಗಿ ಇರುವುದಿಲ್ಲ. ಎಣಿಸಲು ಹೋದರೆ ಮೋಸ ಹೋಗುತ್ತೀರಿ.

ಒಂದು ಈರುಳ್ಳಿ ನೆನಪಿಸಿಕೊಳ್ಳಿ. ಅಡ್ಡ ಕೊಯ್ದರೆ ಬಳೆ ಬಳೆ. ಉದ್ದ ಕೊಯ್ದರೆ ಕಮಾನು ಕಮಾನು. ಒಂದು ಬದಿಯನ್ನು ತೆಳ್ಳಗೆ ಹೆರೆದರೆ ಮೊಟ್ಟೆಯಾಕಾರದ ಉಂಗುರಗಳು. ಈರುಳ್ಳಿ ಒಂದೇ, ಚಾಕು ಹೋದ ದಿಕ್ಕು ಬೇರೆ. ಮರವೂ ಹಾಗೇ ಪದರ ಪದರ. ಹಲಗೆ ಕೊಯ್ಯುವವರು ಒಂದೇ ದಿಕ್ಕಿನಲ್ಲಿ ಕೊಯ್ಯುತ್ತಾರೆ, ಹಾಗಾಗಿ ಒಂದೇ ಚಿತ್ರ ಕಾಣುತ್ತದೆ. ಬಟ್ಟಲಿನ ಮೈ ಬಾಗಿದ್ದು. ಅದು ಆ ಪದರಗಳನ್ನು ಎಲ್ಲ ಕೋನದಲ್ಲೂ ಹಾದು ಹೋಗುತ್ತದೆ. ಒಂದೇ ಬಟ್ಟಲಿನಲ್ಲಿ ಅಡ್ಡ ಕೊಯ್ತ, ಉದ್ದ ಕೊಯ್ತ, ಓರೆ ಕೊಯ್ತ ಮೂರೂ ಸಿಗುತ್ತವೆ. ಮರ ಕಡೆಯುವುದರಲ್ಲಿ ನನಗೆ ಅತಿ ದೊಡ್ಡ ಖುಷಿ ಇದೇ.

ಕೈಗೆ ಬಂದ ಬಟ್ಟಲನ್ನು ಇನ್ನೊಮ್ಮೆ ತಿರುಗಿಸಿ ನೋಡಿ. ಎದುರುಬದುರಿನ ಎರಡು ಮಗ್ಗುಲಲ್ಲಿ ಉದ್ದ ಗೆರೆಗಳು ಇವೆ. ಇನ್ನೆರಡು ಮಗ್ಗುಲಲ್ಲಿ ಸೂಜಿ ಚುಚ್ಚಿದ ಹಾಗೆ ಸಣ್ಣ ತೂತುಗಳು. ಅವು ನೀರು ಏರುತ್ತಿದ್ದ ಕೊಳವೆಗಳ ಬಾಯಿ. ಅಲ್ಲಿ ಎಣ್ಣೆ ಜಾಸ್ತಿ ಇಂಗುತ್ತದೆ, ಹಾಗಾಗಿ ಆ ಭಾಗ ಸ್ವಲ್ಪ ಕಪ್ಪಗೆ ಕಾಣುತ್ತದೆ. ತಳ ನೋಡಿ. ಕೆರೆಗೆ ಕಲ್ಲು ಹಾಕಿದಾಗ ಏಳುವ ಅಲೆಯ ಹಾಗೆ ಒಂದರೊಳಗೊಂದು ಉಂಗುರ. ಇದು ನಾನು ಬರೆದದ್ದಲ್ಲ. ಆದರೆ ಎಲ್ಲಿ ಕಾಣಬೇಕು ಅಂತ ಆರಿಸಿದ್ದು ನಾನು. ದಿಮ್ಮಿ ಸೀಳುವಾಗಲೇ, ಬಟ್ಟಲಿನ ಬಾಯಿ ತೊಗಟೆಯ ಕಡೆಗೆ ಬರಬೇಕೋ ನಡುವಿನ ಕಡೆಗೆ ಬರಬೇಕೋ ಅಂತ ನಿರ್ಧಾರ ಆಗಿಬಿಡಬೇಕು. ಬಾಯಿ ತೊಗಟೆಯ ಕಡೆ ಇಟ್ಟರೆ ಅಂಚಿನಲ್ಲಿ ತೊಗಟೆಯನ್ನೇ ಉಳಿಸಿಕೊಳ್ಳಬಹುದು, ಅಂಚು ಗುಡ್ಡದ ಸಾಲಿನ ಹಾಗೆ ಏರಿಳಿಯುತ್ತದೆ. ಒಮ್ಮೊಮ್ಮೆ ನಾನು ಒಂದು ಕೊರಡನ್ನು ಜಗಲಿಯ ಮೇಲಿಟ್ಟು ಒಂದು ವಾರ ಸುಮ್ನೆ ನೋಡುತ್ತಿರುತ್ತೇನೆ. ಮನೆಯವರಿಗೆ ಅದು ಅಭ್ಯಾಸವಾಗಿದೆ.

ಚೇಳೂರು ಕಡೆಯಿಂದ ಬಂದವರು ಇಲ್ಲಿ ಇದ್ದೀರಿ ಅಂತ ಗೊತ್ತು. ನಿಮ್ಮ ಹಲಸಿನ ವಿಷಯಕ್ಕೆ ಬರುತ್ತೇನೆ. ಸಿದ್ದು ಹಲಸು ನಿಮ್ಮ ಹೋಬಳಿಯದು. ಹಿರೇಹಳ್ಳಿಯ ತೋಟಗಾರಿಕೆ ಪ್ರಯೋಗ ಕೇಂದ್ರದವರು ಗುರುತಿಸಿದ ಮೇಲೆ ಆ ಕೆಂಪು ತೊಳೆಯ ಹಣ್ಣಿಗೆ ಎಲ್ಲ ಕಡೆ ಹೆಸರು ಬಂತು. ಹಣ್ಣಿನ ಬಗ್ಗೆ ನಮಗೆ ಹೆಮ್ಮೆ ಇದೆ. ಮರ ಒಣಗಿ ಬಿದ್ದ ದಿನ ಅದರ ದಿಮ್ಮಿ ಏನಾಗುತ್ತದೆ? ಬಾಗಿಲಿನ ಚೌಕಟ್ಟಿಗೆ ಸಾಲುವಷ್ಟು ನೆಟ್ಟಗಿದ್ದರೆ ಸಾಮಿಲ್ಲಿಗೆ. ಕೊಂಬೆ, ಕವಲು, ಗಂಟು ಎಲ್ಲ ಸೌದೆ.

ಇದು ಹಲಸಿನ ಬಟ್ಟಲು, ಹೋದ ವಾರ ಕಡೆದದ್ದು. ಅರಿಶಿನದ ಹಾಗೆ ಹಳದಿ. ಇದೂ ಹಲಸು, 14 ವರ್ಷದ ಹಿಂದಿನದು. ಜೋನಿ ಬೆಲ್ಲದ ಬಣ್ಣ. ಒಂದೇ ಜಾತಿ ಅಂದರೆ ನಂಬುವುದು ಕಷ್ಟ ಅಲ್ವಾ? ಹಲಸಿನ ಕೆಚ್ಚು ಹೊಸತರಲ್ಲಿ ಹಳದಿ ಇರುತ್ತದೆ. ಬೆಳಕು ಬಿದ್ದ ಹಾಗೆ ವರ್ಷದಿಂದ ವರ್ಷಕ್ಕೆ ಕಂದು ಬಣ್ಣಕ್ಕೆ ತಿರುಗುತ್ತದೆ. ಆ ಹಳದಿಯನ್ನೇ ಮರದ ಚೂರು ಕುದಿಸಿ ತೆಗೆದು ಬೌದ್ಧ ಭಿಕ್ಷುಗಳ ಬಟ್ಟೆಗೆ ಹಾಕುತ್ತಿದ್ದರು. ವೀಣೆಯ ಕೊಡ, ಮೃದಂಗದ ಮೈ ಇದೇ ಮರದ್ದು. ನಾದಕ್ಕೆ ಇದನ್ನು ಆರಿಸಿದವರು ಮರವನ್ನು ಚೆನ್ನಾಗಿ ಬಲ್ಲವರು. ಲೇತಿನಲ್ಲಿ ಹಲಸು ಕಡೆಯುವಾಗ ಸಿಪ್ಪೆ ಉದ್ದುದ್ದ ರಿಬ್ಬನ್ ಹಾಗೆ ಬರುತ್ತದೆ, ಕೈ ಮೇಲೆ ಬೀಳುತ್ತದೆ, ತಣ್ಣಗೆ ಇರುತ್ತದೆ. ಕಲಿಯುವವರಿಗೆ ನಾನು ಮೊದಲು ಕೊಡುವುದು ಹಲಸನ್ನೇ.

ಕವಲಿನ ಜಾಗವನ್ನು ಮಾತ್ರ ದಯವಿಟ್ಟು ಒಲೆಗೆ ಹಾಕಬೇಡಿ. ಎರಡು ಕೊಂಬೆ ಸೇರುವ ಕಡೆ ನಾರುಗಳು ಒಂದರ ಮೇಲೊಂದು ಹೆಣೆದುಕೊಂಡಿರುತ್ತವೆ. ಅಲ್ಲಿ ಸೀಳಿದರೆ ನವಿಲುಗರಿಯ ಹಾಗೆ ಚಿತ್ರ ಸಿಗುತ್ತದೆ. ಸೌದೆ ಒಡೆಯುವವರು ಶಾಪ ಹಾಕುವ ಜಾಗ ಅದು, ಕೊಡಲಿ ಇಳಿಯುವುದಿಲ್ಲ. ಕೊಡಲಿ ಇಳಿಯದ ಆ ಹೆಣಿಗೆಯೇ ಕಡೆದಾಗ ಈ ಚಿತ್ರವಾಗುತ್ತದೆ.

ನನ್ನ ಮೊದಲ ಹಲಸಿನ ಬಟ್ಟಲಿನ ಕಥೆ ಹೇಳಬೇಕು. ನಮ್ಮ ಹಿತ್ತಲಿನ ಮರ. ಅಮ್ಮ ನೆಟ್ಟಿದ್ದು. ಬಾವಿ ಬತ್ತಿದ ಮೇಲೆ ಎರಡು ಬೇಸಿಗೆ ತಡೆಯಿತು, ಮೂರನೆಯದಕ್ಕೆ ಒಣಗಿತು. ಬುಡದಲ್ಲಿ ಇನ್ನೂ ಹಸಿ ಇತ್ತು. ಆ ಬುಡದಿಂದ ಒಂದು ಬಟ್ಟಲು ಕಡೆದೆ. ತೆಳ್ಳಗೆ, ನಯವಾಗಿ ಬಂದಿತ್ತು. ಅಮ್ಮನಿಗೆ ತೋರಿಸಿದೆ. ಯುಗಾದಿಗೆ ಬೇವು ಬೆಲ್ಲ ಇದರಲ್ಲೇ ಇಡೋಣ ಅಂದರು. ಮಾರ್ಚ್ ತಿಂಗಳು, ನಮ್ಮ ಊರಿನ ಒಣ ಗಾಳಿ ನಿಮಗೆ ಗೊತ್ತು. ನಾಲ್ಕನೇ ದಿನ ರಾತ್ರಿ ಟಪ್ ಅಂತ ಸದ್ದು ಬಂತು. ಬೆಳಗ್ಗೆ ನೋಡಿದರೆ ಅಂಚಿನಿಂದ ತಳದವರೆಗೆ ಬಿರುಕು. ಅಮ್ಮ ಏನೂ ಹೇಳದೆ ಬಟ್ಟಲನ್ನು ದೇವರ ಗೂಡಿನಲ್ಲಿ ಇಟ್ಟರು. ಇವತ್ತಿಗೂ ಅಲ್ಲೇ ಇದೆ.

ಏನಾಯಿತು ಅಂತ ಆಮೇಲೆ ಕಲಿತೆ. ಆಗಷ್ಟೇ ಕಡಿದ ಮರದ ತೂಕದಲ್ಲಿ ಅರ್ಧದ ಹತ್ತಿರ ನೀರೇ ಇರಬಹುದು. ಮೊದಲು ಕೊಳವೆಯೊಳಗಿನ ನೀರು ಹೋಗುತ್ತದೆ. ಅಲ್ಲಿಯವರೆಗೆ ಮರ ಕುಗ್ಗುವುದಿಲ್ಲ. ತೇವ ಒಣ ಮರದ ತೂಕದ ಶೇಕಡಾ 30ಕ್ಕಿಂತ ಕೆಳಗೆ ಇಳಿಯಲು ಶುರುವಾದಾಗ ನಾರಿನ ಗೋಡೆಯೊಳಗಿನ ನೀರು ಹೊರಡುತ್ತದೆ. ಕುಗ್ಗುವುದು ಆಗ. ಅದೂ ಎಲ್ಲ ಕಡೆ ಒಂದೇ ಸಮ ಅಲ್ಲ. ಉಂಗುರದ ಸುತ್ತಳತೆಯ ದಿಕ್ಕಿನಲ್ಲಿ ಕುಗ್ಗುವುದು, ನಡುವಿನಿಂದ ತೊಗಟೆಯ ದಿಕ್ಕಿನಲ್ಲಿ ಕುಗ್ಗುವುದರ ಸುಮಾರು ಎರಡರಷ್ಟು. ಉದ್ದದ ದಿಕ್ಕಿನಲ್ಲಿ ಕುಗ್ಗುವುದು ಲೆಕ್ಕಕ್ಕೇ ಇಲ್ಲ. ಒಂದೇ ತುಂಡಿನೊಳಗೆ ಈ ಎಳೆದಾಟ ನಡೆಯುವಾಗ ಮರ ಒಂದೋ ಬಾಗಬೇಕು, ಇಲ್ಲವೋ ಬಿರಿಯಬೇಕು. ಮರದ ನಟ್ಟನಡುವಿನ ತಿರುಳು ಬಟ್ಟಲಿನಲ್ಲಿ ಉಳಿದುಬಿಟ್ಟರಂತೂ ಬಿರುಕು ಖಂಡಿತ. ನನ್ನ ಬಟ್ಟಲಿನಲ್ಲಿ ಅದನ್ನು ಬಿಟ್ಟಿದ್ದೆ.

ಈಗ ನಾನು ಎರಡು ಸಲ ಕಡೆಯುತ್ತೇನೆ. ಹಸಿ ಇದ್ದಾಗ ದಪ್ಪಗೆ ಒಂದು ಸಲ. ಬಾಯಿ 10 ಇಂಚು ಇದ್ದರೆ ಗೋಡೆ 1 ಇಂಚು ದಪ್ಪ. ಅಡ್ಡ ಕೊಯ್ದ ಮೈಗೆ ಮೇಣ ಬಳಿಯುತ್ತೇನೆ, ಯಾಕಂದರೆ ನೀರು ಅಲ್ಲಿಂದಲೇ ಬೇಗ ಓಡುವುದು. ಕಾಗದದ ಚೀಲದಲ್ಲಿ ಅದರದೇ ಸಿಪ್ಪೆ ತುಂಬಿ, ಒಳಗೆ ಬಟ್ಟಲು ಹೂತು, ಗಾಳಿ ಆಡದ ಮೂಲೆಯಲ್ಲಿ ಇಡುತ್ತೇನೆ. ವಾರಕ್ಕೊಮ್ಮೆ ತೂಕ ಹಾಕಿ ಬರೆದಿಡುತ್ತೇನೆ. ತೂಕ ಇಳಿಯುವುದು ನಿಂತ ದಿನ ಒಣಗಿತು ಅಂತ ಲೆಕ್ಕ. ಐದಾರು ತಿಂಗಳು ಹಿಡಿಯುತ್ತದೆ. ದುಂಡಗಿದ್ದದ್ದು ಅಷ್ಟರಲ್ಲಿ ಮೊಟ್ಟೆಯಾಕಾರ ಆಗಿರುತ್ತದೆ. ಆಗ ಮತ್ತೆ ಲೇತಿಗೆ ಏರಿಸಿ ಬೇಕಾದಷ್ಟು ತೆಳ್ಳಗೆ ಕಡೆಯುವುದು. ತಾಳ್ಮೆ ಇಲ್ಲದವರು ಬೇಡ ಅಂತ ಹೇಳುವುದಿಲ್ಲ. ನನಗೂ ತಾಳ್ಮೆ ಇರಲಿಲ್ಲ, ಚೀಲಗಳ ಮುಂದೆ ಕಾದು ಕಾದು ಬಂತು.

ಇನ್ನು ಹುಣಸೆ. ಮಾಂಸದ ಅಂಗಡಿಯ ಕೊರಡು ನೋಡಿದ್ದೀರಲ್ಲ, ಅದು ಸಾಮಾನ್ಯವಾಗಿ ಹುಣಸೆಯದು. ಅಷ್ಟು ಗಟ್ಟಿ. ಹೊರಗಿನ ಎಳೆಮರ ಬೆಣ್ಣೆಯ ಬಣ್ಣ. ತುಂಬಾ ಹಳೆಯ ಮರವಾದರೆ ನಡುವೆ ನೇರಳೆ ಕಪ್ಪಿನ ಕೆಚ್ಚು ಇರುತ್ತದೆ, ಆದರೆ ಸಣ್ಣದು. ದೇವನಹಳ್ಳಿಯ ಹತ್ತಿರ ನಲ್ಲೂರಿನ ಹುಣಸೆ ತೋಪಿಗೆ ಒಮ್ಮೆ ಹೋಗಿ ಬನ್ನಿ. ಚಿಕ್ಕಬಳ್ಳಾಪುರಕ್ಕೆ ಹೋಗುವ ದಾರಿಯಲ್ಲಿ ಸ್ವಲ್ಪ ತಿರುಗಿದರೆ ಆಯಿತು. 54 ಎಕರೆ. 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಣೆ ಆದದ್ದು ಅದು. ಅಲ್ಲಿನ ಮರಗಳ ಬುಡ ನೋಡಿ, ತಿರುಚಿಕೊಂಡು, ಟೊಳ್ಳಾಗಿ, ಮತ್ತೆ ಸುತ್ತ ಬೆಳೆದು ನಿಂತಿವೆ. ಅಲ್ಲಿಂದ ಒಂದು ಚೂರೂ ಮುಟ್ಟುವ ಹಾಗಿಲ್ಲ, ಮುಟ್ಟಲೂಬಾರದು. ಹುಣಸೆಯ ಒಳಗೆ ಇಷ್ಟು ಸುಳಿ ಎಲ್ಲಿಂದ ಬರುತ್ತದೆ ಅಂತ ನನಗೆ ಅರ್ಥವಾದದ್ದು ಅಲ್ಲಿ ನಿಂತಾಗ.

ನಿಮ್ಮ ಕೈಯಲ್ಲಿರುವ ಬಟ್ಟಲಿನ ಕಪ್ಪು ಗೆರೆಗಳು ಸುಳಿಯಿಂದ ಬಂದದ್ದಲ್ಲ. ಅವು ಬೂಷ್ಟಿನ ಕೆಲಸ. ಕಡಿದ ಹುಣಸೆ ಮಳೆಗಾಲದಲ್ಲಿ ನೆಲಕ್ಕೆ ತಾಗಿ ಬಿದ್ದಿದ್ದರೆ ಒಳಗೆ ಶಿಲೀಂಧ್ರ ಹರಡುತ್ತದೆ. ಬೇರೆ ಬೇರೆ ಗುಂಪುಗಳು ಬೇರೆ ಬೇರೆ ಕಡೆಯಿಂದ ಬರುತ್ತವೆ. ಒಂದಕ್ಕೊಂದು ಎದುರಾದ ಕಡೆ ಬೇಲಿ ಹಾಕಿಕೊಳ್ಳುತ್ತವೆ. ಆ ಬೇಲಿಯೇ ಕಪ್ಪು ಗೆರೆ. ನಾವು ಹೊಲದ ಬದು ಹಾಕುತ್ತೇವಲ್ಲ, ಹಾಗೇ. ಮಾವಿನ ಮರದಲ್ಲೂ ಇದು ಚೆನ್ನಾಗಿ ಬರುತ್ತದೆ. ಶ್ರೀನಿವಾಸಪುರದ ಕಡೆ ಹಳೆಯ ಮಾವಿನ ತೋಪು ತೆಗೆಸುವವರು ಇದ್ದರೆ ಒಂದು ಮಳೆಗಾಲ ನಾಲ್ಕು ಕೊರಡು ನೆರಳಿನಲ್ಲಿ ಬಿಟ್ಟು ನೋಡಿ. ಜಾಸ್ತಿ ಬಿಟ್ಟರೆ ಕೊಳೆತು ಪುಡಿಯಾಗುತ್ತದೆ. ನಾನು ತಿಂಗಳಿಗೊಮ್ಮೆ ಒಂದು ತುದಿ ಕೊಯ್ದು ನೋಡುತ್ತೇನೆ. ಇಂಥ ಮರ ಕಡೆಯುವಾಗ ಮೂಗಿಗೆ ಮಾಸ್ಕ್ ಇಲ್ಲದೆ ನಿಲ್ಲಬೇಡಿ, ಆ ಧೂಳು ಎದೆಗೆ ಒಳ್ಳೆಯದಲ್ಲ.

ತೆಂಗಿನ ಬಗ್ಗೆ ಹೇಳದೆ ತುಮಕೂರಿನಿಂದ ಎದ್ದು ಹೋಗುವ ಹಾಗಿಲ್ಲ. ತೆಂಗಿನಲ್ಲಿ ಉಂಗುರವೂ ಇಲ್ಲ, ಕೆಚ್ಚೂ ಇಲ್ಲ, ಅದು ಹುಲ್ಲಿನ ನೆಂಟ. ಹೊರಮೈ ಕಬ್ಬಿಣದ ಹಾಗೆ, ನಡು ಬೆಂಡು. ಹೊರಗಿನ ಎರಡು ಮೂರು ಇಂಚು ಮಾತ್ರ ಕಡೆಯಲು ಬರುತ್ತದೆ. ಅದರಲ್ಲಿ ಕಂದು ಚುಕ್ಕೆಗಳು, ಉದ್ದ ಕೊಯ್ದರೆ ಬಾಣದ ಹಾಗೆ ಗೆರೆಗಳು. ಉಳಿ ಬೇಗ ಮೊಂಡಾಗುತ್ತದೆ.

ಬಳ್ಳಾರಿ ಜಾಲಿ ಅಂದ ತಕ್ಷಣ ಪಾವಗಡದವರು ನಗುತ್ತೀರಿ. ನಿಜ, ಅದು ನಮ್ಮ ನೆಲದ್ದಲ್ಲ. ಅಮೆರಿಕ ಖಂಡದ ಬಿಸಿ ಸೀಮೆಯದು, 19ನೇ ಶತಮಾನದಲ್ಲಿ ಇಲ್ಲಿಗೆ ಬಂತು, ಕೆರೆ ಅಂಗಳ, ಗೋಮಾಳ ಎಲ್ಲ ತುಂಬಿತು. ಮುಳ್ಳು, ಇದ್ದಿಲು ಇಷ್ಟೇ ಅದರ ಉಪಯೋಗ ಅಂತ ನಮ್ಮ ಲೆಕ್ಕ. ಇಗೋ, ಇದು ಅದರ ಕೆಚ್ಚು. ಕೆಂಪು ಕಂದು, ಬೀಟೆಯ ಪಕ್ಕ ಇಟ್ಟರೂ ನಾಚುವುದಿಲ್ಲ. ಇದರ ಇನ್ನೊಂದು ಗುಣ ಮರಗೆಲಸದವರಿಗೆ ಮಾತ್ರ ಗೊತ್ತು: ಒಣಗುವಾಗ ತುಂಬಾ ಕಡಿಮೆ ಕುಗ್ಗುತ್ತದೆ. ಹಸಿಯಲ್ಲೇ ತೆಳ್ಳಗೆ ಕಡೆದರೂ ಅಷ್ಟಾಗಿ ಬಾಗುವುದಿಲ್ಲ. ಕೋಲಾರದ ನೀಲಗಿರಿ ಇದಕ್ಕೆ ಪೂರ್ತಿ ಉಲ್ಟಾ, ಒಣಗುವಾಗ ತಿರುಚಿ ಸೀಳಿ ಹೋಗುತ್ತದೆ. ಜಾಲಿ ದಪ್ಪ ಸಿಗುವುದು ಕಷ್ಟ, ಸೊಟ್ಟ ಇರುತ್ತದೆ, ಹುಳು ತೂತು ಇರುತ್ತದೆ. ಬುಗುರಿ, ಉಳಿಯ ಹಿಡಿ, ಸಣ್ಣ ಡಬ್ಬಿ, ಲಟ್ಟಣಿಗೆಗೆ ಅಷ್ಟು ಸಾಕು. ಕಿತ್ತು ಹಾಕಬೇಕಾದ ಗಿಡ ಅಂತಲೇ ಇಟ್ಟುಕೊಳ್ಳಿ. ಕಿತ್ತದ್ದನ್ನೆಲ್ಲ ಇದ್ದಿಲು ಸುಡಬೇಕಾಗಿಲ್ಲ.

ಉಳಿಯ ವಿಷಯ ಈಗ. ಮರದ ಚೆಲುವು ಪಾಲಿಷಿನಿಂದ ಬರುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅದು ಬರುವುದು ಹರಿತದಿಂದ. ಮೊಂಡ ಉಳಿ ನಾರನ್ನು ಕತ್ತರಿಸುವುದಿಲ್ಲ, ಹರಿಯುತ್ತದೆ, ಜಜ್ಜುತ್ತದೆ. ಹರಿದ ನಾರಿನ ಮೇಲೆ ಬೆಳಕು ಚದುರಿ ಮರ ಮಂಕಾಗಿ ಕಾಣುತ್ತದೆ. ಹರಿತವಾದ ಉಳಿ ಹೋದ ದಾರಿಯಲ್ಲಿ ಮರ ಎಣ್ಣೆ ಇಲ್ಲದೆಯೇ ಹೊಳೆಯುತ್ತದೆ. ನಮ್ಮ ಆಚಾರ್ರು ಹೇಳಿದ ‘ಹಿಡ್ಕೊಳ್ಳಿ ಸಾಕು’ ಇದೇ. ಮೊದಲು ಉಳಿಯ ಬೆನ್ನನ್ನು ತಿರುಗುವ ಮರದ ಮೇಲೆ ಒರಗಿಸಬೇಕು, ಆಗ ಏನೂ ಕತ್ತರಿಸುವುದಿಲ್ಲ. ಆಮೇಲೆ ಹಿಡಿಯನ್ನು ನಿಧಾನಕ್ಕೆ ಎತ್ತುತ್ತಾ ಬಂದರೆ ಬಾಯಿ ತಾನೇ ಮರಕ್ಕೆ ಸಿಗುತ್ತದೆ, ಸಿಪ್ಪೆ ಏಳುತ್ತದೆ. ಒಂದು ಬಟ್ಟಲು ಮುಗಿಯುವುದರೊಳಗೆ ಐದಾರು ಸಲ ಸಾಣೆ ಹಿಡಿಯುತ್ತೇನೆ. ಉಪ್ಪುಕಾಗದ ಉಜ್ಜುವುದು ಕೊನೆಗೆ, ಸ್ವಲ್ಪವೇ.

ಕಲಿಯಲು ಆಸೆ ಇರುವ ಹುಡುಗರು ಇಲ್ಲಿ ಜಾಸ್ತಿ ಇದ್ದೀರಿ, ಅದಕ್ಕೆ ಒಂದು ಎಚ್ಚರಿಕೆ. ಉದ್ದ ತೋಳಿನ ಅಂಗಿ, ಉಂಗುರ, ಕೈಗೆ ಕಟ್ಟಿದ ದಾರ, ಬಿಚ್ಚಿದ ಕೂದಲು ಯಾವುದೂ ಲೇತಿನ ಹತ್ತಿರ ಬರಬಾರದು. ಮುಖಕ್ಕೆ ಗಾಜಿನಂಥ ಮುಸುಕು ಬೇಕೇ ಬೇಕು. ವೇಗಕ್ಕೆ ಒಂದು ಲೆಕ್ಕ ಇದೆ: ತುಂಡಿನ ಅಗಲವನ್ನು ಇಂಚಿನಲ್ಲಿ ತಗೊಂಡು, ನಿಮಿಷಕ್ಕೆ ಎಷ್ಟು ಸುತ್ತು ಅನ್ನುವುದರಿಂದ ಗುಣಿಸಿದರೆ 6000ದಿಂದ 9000ದ ಒಳಗೆ ಬರಬೇಕು. 10 ಇಂಚಿನ ಬಟ್ಟಲಿಗೆ ನಿಮಿಷಕ್ಕೆ 600ರಿಂದ 900 ಸುತ್ತು. ಸೊಟ್ಟ ಕೊರಡಾದರೆ ಅದಕ್ಕಿಂತ ಕಡಿಮೆ. ಬಿರುಕು ಇರುವ ಮರವನ್ನು ಏರಿಸಲೇಬೇಡಿ.

ಈ ಮಾತಿಗೆ ಮುಂಚೆ ಒಬ್ಬರು ಕೇಳಿದರು, ಬಣ್ಣ ಹಾಕುವುದು ತಪ್ಪಾ, ಹಾಗಾದರೆ ಚನ್ನಪಟ್ಟಣದವರು ಮಾಡುವುದು ಏನು ಅಂತ. ಒಳ್ಳೆಯ ಪ್ರಶ್ನೆ. ಚನ್ನಪಟ್ಟಣದ ಗೊಂಬೆ ಆಲೆ ಮರದ್ದು. ಎಲೆ ಕಿತ್ತರೆ ಹಾಲು ಬರುವ ಮರ. ಅದರ ಮರ ದಂತದ ಹಾಗೆ ಬೆಳ್ಳಗೆ, ನಾರು ಸಣ್ಣ, ಚಿತ್ರ ಅಂತ ಏನೂ ಇಲ್ಲ. ಅಂಥ ಮರವೇ ಬಣ್ಣಕ್ಕೆ ಸರಿ. ಅವರು ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ಕೇದಗೆ ಜಾತಿಯ ಗರಿ, ಅಲ್ಲಿ ತಾಳೆಗರಿ ಅಂತಾರೆ, ಅದನ್ನು ಒತ್ತಿ ಹಿಡಿದರೆ ಕನ್ನಡಿಯ ಹೊಳಪು. ಬ್ರಶ್ ಇಲ್ಲ, ಒಣಗಿಸುವುದಿಲ್ಲ, ಎಲ್ಲ ಲೇತಿನ ಮೇಲೆಯೇ ಮುಗಿಯುತ್ತದೆ. ಮರಕ್ಕೆ ತಕ್ಕ ಕೆಲಸ ಅದು. ನಾನು ಬೇಡ ಅನ್ನುವುದು ಹಲಸಿಗೆ, ಹುಣಸೆಗೆ ದಪ್ಪ ಬಣ್ಣ ಬಳಿಯುವುದನ್ನು. ಒಳಗಿನದ್ದೆಲ್ಲ ಮುಚ್ಚಿಹೋಗುತ್ತದೆ.

ನನ್ನ ಬಟ್ಟಲುಗಳಿಗೆ ಅಗಸೆ ಎಣ್ಣೆ, ಮೇಲೆ ಜೇನುಮೇಣ. ಕೊಬ್ಬರಿ ಎಣ್ಣೆ ಹಚ್ಚಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಅದು ಒಣಗುವ ಎಣ್ಣೆ ಅಲ್ಲ, ಜಿಡ್ಡಾಗೇ ಇದ್ದು ಧೂಳು ಹಿಡಿಯುತ್ತದೆ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ, ನಾರಿನ ಒಳಗೇ ನಿಲ್ಲುತ್ತದೆ. ಬಣ್ಣದ ಅಂಗಡಿಯ ಬಾಯ್ಲ್ಡ್ ಎಣ್ಣೆ ಮಾತ್ರ ಊಟದ ಬಟ್ಟಲಿಗೆ ಬೇಡ, ಬೇಗ ಒಣಗಲಿ ಅಂತ ಅದರಲ್ಲಿ ಲೋಹದ ರಾಸಾಯನಿಕ ಬೆರೆಸಿರುತ್ತಾರೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಅದು ತಾನಾಗೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ಇದು ಕಟ್ಟುಕಥೆಯಲ್ಲ. ಬಿಡಿಸಿ ಹಗ್ಗದ ಮೇಲೆ ಹರವಿ, ಇಲ್ಲವಾದರೆ ನೀರಿನಲ್ಲಿ ನೆನೆಸಿ.

ಇಷ್ಟೆಲ್ಲ ಹೇಳಿ ಮರ ಕಡಿಯಿರಿ ಅಂತಿದ್ದೀರಾ ಅಂತ ಯಾರಿಗಾದರೂ ಅನಿಸಬಹುದು. ನಾನು ಬಟ್ಟಲಿಗೋಸ್ಕರ ಒಂದು ಮರವನ್ನೂ ಕಡಿಸಿಲ್ಲ. ಗಾಳಿಗೆ ಬಿದ್ದದ್ದು, ಬೋರು ಬತ್ತಿ ಒಣಗಿದ್ದು, ರಸ್ತೆ ಅಗಲ ಮಾಡುವಾಗ ಉರುಳಿದ್ದು, ಸೌದೆ ಡಿಪೋಗೆ ಬಂದದ್ದು, ಅಷ್ಟೇ ಸಾಕಾಗಿ ಮಿಕ್ಕಿದೆ. ಮರ ಕಡಿಯಲು ನಮ್ಮ ರಾಜ್ಯದಲ್ಲಿ 1976ರ ಕಾಯ್ದೆ ಇದೆ, ಅನುಮತಿ ಬೇಕು. ಬೀಟೆ, ಶ್ರೀಗಂಧದ ಚೂರನ್ನು ಕಾಗದಪತ್ರ ಇಲ್ಲದೆ ಮನೆಯೊಳಗೆ ತರಬೇಡಿ. ನಿಮಗೆ ಅದರ ಅಗತ್ಯವೂ ಇಲ್ಲ. ಡಿಪೋಗೆ ಹೋಗುವಾಗ ಒಂದು ಕೈಗರಗಸ ಜೊತೆಗಿರಲಿ. ಕವಲು, ಗಂಟು, ಬುಡ ಕಂಡರೆ ಒಂದು ತುದಿ ಕೊಯ್ದು, ನೀರು ಸವರಿ ನೋಡಿ. ಎಣ್ಣೆ ಹಚ್ಚಿದಾಗ ಹೇಗೆ ಕಾಣುತ್ತದೆ ಅಂತ ನೀರು ಅಲ್ಲೇ ಹೇಳಿಬಿಡುತ್ತದೆ.

ಸರಿ, ಲೋಟದ ಹತ್ತಿರ ಬರೋಣ. ಹೊನ್ನೆ ಮರದಲ್ಲಿ ಕಡೆದ ಲೋಟದಲ್ಲಿ ರಾತ್ರಿ ನೀರಿಟ್ಟು ಬೆಳಗ್ಗೆ ಕುಡಿಯುವವರು ನಮ್ಮಲ್ಲಿ ಇದ್ದಾರೆ, ಸಕ್ಕರೆ ಕಾಯಿಲೆಗೆ ಅಂತ. ಅದು ಔಷಧದ ಮಾತು, ಡಾಕ್ಟರನ್ನು ಕೇಳಿ. ನಾನು ತೋರಿಸಬೇಕು ಅಂತಿರುವುದು ಬಣ್ಣ. ಹೊನ್ನೆಯ ದಾಯಾದಿ ಮರ ಒಂದು ಫಿಲಿಪೀನ್ಸಿನಲ್ಲಿ ಇದೆ. ಆ ಮರದ ಬಟ್ಟಲಿನಲ್ಲಿ ನೀರು ಹಾಕಿದರೆ ನೀಲಿಯಾಗುವುದನ್ನು ಕಂಡು ಯೂರೋಪಿನ ಪಂಡಿತರು ಬೆರಗಾಗಿದ್ದರು. 17ನೇ ಶತಮಾನದಲ್ಲಿ ರಾಬರ್ಟ್ ಬಾಯ್ಲ್ ಎಂಬ ವಿಜ್ಞಾನಿ ಇಂಥ ಮರದ ನೀರನ್ನು ಪರೀಕ್ಷೆ ಮಾಡಿದ. ಹುಳಿ ಬೆರೆಸಿದರೆ ನೀಲಿ ಹೋಗುತ್ತದೆ, ಕ್ಷಾರ ಬೆರೆಸಿದರೆ ಮತ್ತೆ ಬರುತ್ತದೆ ಅಂತ ಬರೆದಿಟ್ಟ.

ನೀರು ಆಗಲೇ ಚಹಾದ ಬಣ್ಣಕ್ಕೆ ಬಂದಿದೆ. ಸಿಪ್ಪೆ ಸೋಸಿ ತೆಗೆಯುತ್ತೇನೆ. ಪಡುವಣ ಕಿಟಕಿಯಲ್ಲಿ ಇನ್ನೂ ಬಿಸಿಲಿದೆ, ಪರದೆ ಸರಿಸಿ. ಲೋಟವನ್ನು ಬಿಸಿಲಿಗೆ ಅಡ್ಡ ಹಿಡಿದು ನೋಡಿದರೆ ಹೊನ್ನಿನ ಬಣ್ಣ. ಈಗ ಬಿಸಿಲು ನಿಮ್ಮ ಬೆನ್ನಿಗೆ ಬರುವ ಹಾಗೆ ನಿಂತು, ಲೋಟದ ಹಿಂದೆ ಈ ಕಪ್ಪು ಬಟ್ಟೆ ಹಿಡಿದು, ಪಕ್ಕದಿಂದ ನೋಡಿ. ಅಂಚಿನಲ್ಲಿ ನೀಲಿ ಇದೆ. ಒಬ್ಬೊಬ್ಬರಾಗಿ ಬನ್ನಿ, ಮಕ್ಕಳು ಮೊದಲು. ಬಿಸಿಲು ಇನ್ನು ಹತ್ತು ನಿಮಿಷ ಇರಬಹುದು.